ಕೆಳಗಿನ ಗೊನೆ, ಅಕ್ಕಡಿ ಸಾಲು, ಮತ್ತೆ ಆ ಇಂಗ್ಲಿಷ್ ವರದಿ

ರಾಗಿ ತೆನೆ ಬಲಿತು ಬಾಗಿದೆ, ಕೊಯ್ಲಿಗೆ ಇನ್ನೂ ಹತ್ತು ಹನ್ನೆರಡು ದಿನ ಬೇಕು. ಅಕ್ಕಡಿ ಅವರೆ ಹೂ ಬಿಟ್ಟಿದೆ, ಸೊಗಡು ಇನ್ನೂ ಹಿಡಿದಿಲ್ಲ. ಹೊಲದ ಸುದ್ದಿ ಈ ವಾರ ಇಷ್ಟೇ. ಉಳಿದದ್ದು ಮಾತಿನ ಸುದ್ದಿ. ಸ್ವಲ್ಪ ಉದ್ದ ಇದೆ, ಹಾಲು ಕರೆದು ಡೈರಿಗೆ ಹಾಕಿ ಬಂದಮೇಲೆ ಓದಿ.

ನಮ್ಮ ರೈತರ ಕಂಪನಿ ಕೊಬ್ಬರಿ ಎಣ್ಣೆ ಗಾಣ ಹಾಕಬೇಕು ಅಂತ ಹೊರಟಿರೋದು ನಿಮಗೆ ಗೊತ್ತೇ ಇದೆ. ಸಲಹೆಗಾರರೊಬ್ಬರು ಇಂಗ್ಲಿಷಲ್ಲಿ ಹದಿನಾಲ್ಕು ಪುಟದ ವರದಿ ಮಾಡಿಕೊಟ್ಟಿದ್ದರು. ಅದನ್ನು ತಿದ್ದಿ ಬ್ಯಾಂಕಿಗೆ ಇಂಗ್ಲಿಷಲ್ಲೇ ಕೊಡಬೇಕು, ಸದಸ್ಯರ ಸಭೇಲಿ ಕನ್ನಡದಲ್ಲಿ ಓದಬೇಕು. ಕೆಲಸ ನನ್ನ ಮತ್ತು ನಮ್ಮಣ್ಣನ ಮಗಳ ತಲೆ ಮೇಲೆ ಬಿತ್ತು. ಅವಳು ಇಂಗ್ಲಿಷ್ ಎಂ.ಎ. ಓದಿದವಳು. ನಾನು ಇಂಗ್ಲಿಷ್ ಓದಿದರೆ ಅರ್ಥ ಆಗೋಷ್ಟು ಬಲ್ಲೆ.

ವರದಿ ತುಂಬ ಸವೆದ ನುಡಿಗಳೇ. ಮೊದಲ ಪುಟದಲ್ಲೇ 'ಗೇಮ್ ಚೇಂಜರ್'. ಆಮೇಲೆ 'ಲೋ ಹ್ಯಾಂಗಿಂಗ್ ಫ್ರೂಟ್', 'ಸ್ಕಿನ್ ಇನ್ ದ ಗೇಮ್', ಒಂದೇ ಬುಟ್ಟೀಲಿ ಎಲ್ಲಾ ಮೊಟ್ಟೆ, ಬಿಸಿಲಿರುವಾಗಲೇ ಹುಲ್ಲು ಒಣಗಿಸಿಕೋ. ಯಾರೋ ಫೋನಿನಲ್ಲಿ ಅನುವಾದ ಮಾಡಿ ಗ್ರೂಪಿಗೆ ಹಾಕಿದ್ದರು, ಅದರಲ್ಲಿ 'ರೈತರ ಚರ್ಮ ಆಟದಲ್ಲಿರಬೇಕು' ಅಂತ ಇತ್ತು. ಅದನ್ನು ಓದಿ ಇಬ್ಬರು ಸದಸ್ಯರು ನನಗೆ ಫೋನ್ ಮಾಡಿದರು. ನಗೋಕಲ್ಲ, ಗಾಬರಿಯಾಗಿ.

"ಚಿಕ್ಕಪ್ಪ, ಇವು ಇಂಗ್ಲಿಷಲ್ಲೂ ಸತ್ತ ಮಾತುಗಳೇ, ಕನ್ನಡಕ್ಕೆ ತಂದ್ರೆ ಹೆಣ ಹೊತ್ತಂಗೆ" ಅಂದಳು ಹುಡುಗಿ. ಹಾಗಂತ ಎಲ್ಲ ಹೊಡೆದು ಹಾಕೋ ಹಾಗಿರಲಿಲ್ಲ. ಒಂದೊಂದು ಮಾತಿನ ಕೆಳಗೂ ಒಂದು ವಿಷಯ ಮಲಗಿತ್ತು, ದುಡ್ಡಿನ ವಿಷಯ. ಅದನ್ನು ಎಬ್ಬಿಸಬೇಕಿತ್ತು.

ಹುಲ್ಲಿನದು ಸುಲಭ, 'ಗಾಳಿ ಬಂದಾಗ ತೂರಿಕೋ' ಇದ್ದೇ ಇದೆ. ಇಂಗ್ಲಿಷಿನವರ ಮಾತು ತುಂಬ ಹಳೇದು, ಜಾನ್ ಹೇವುಡ್ ಅನ್ನೋರು 1546ರಲ್ಲೇ ತಮ್ಮ ಗಾದೆಗಳ ಪುಸ್ತಕಕ್ಕೆ ಸೇರಿಸಿಕೊಂಡಿದ್ದಾರೆ. ಅವರ ನೆಲದಲ್ಲಿ ಬಿಸಿಲು ಅಪರೂಪ. ಹಸಿ ಹುಲ್ಲು ಮೆದೆ ಹಾಕಿದರೆ ಒಳಗೇ ಕಾವೇರಿ ಬೂಷ್ಟು ಹಿಡಿಯುತ್ತೆ, ಕೆಲವು ಸಲ ಬೆಂಕಿಯೂ ಹತ್ತುತ್ತೆ. ಅದಕ್ಕೆ ಆ ಮಾತು ಹುಟ್ಟಿತು. ನಮಗೆ ಬಿಸಿಲಿಗೇನು ಬರ, ಕಣದಲ್ಲಿ ಮೊರ ಹಿಡಿದು ಗಾಳಿಗೆ ಕಾಯಬೇಕಿತ್ತು. ಆದರೆ ನಿಜ ಹೇಳ್ತೀನಿ, ನಮ್ಮ ಗಾದೆಯೂ ಸವೀತಿದೆ. ಟಾರು ರಸ್ತೆ ಮೇಲೆ ತೆನೆ ಹರಡಿ, ಬಸ್ಸು ತುಳಿದು, ಮಿಷನ್ನೇ ಗಾಳಿ ಊದೋ ಕಾಲದಲ್ಲಿ ನಮ್ಮ ಮಕ್ಕಳು ಗಾಳಿಗೆ ಕಾದು ಕೂತವರನ್ನು ಎಲ್ಲಿ ನೋಡಿದ್ದಾರೆ? ಕನ್ನಡದ್ದು ಅಂದ ಮಾತ್ರಕ್ಕೆ ಹೊಸದಾಗೋದಿಲ್ಲ.

'ಲೋ ಹ್ಯಾಂಗಿಂಗ್ ಫ್ರೂಟ್' ಹತ್ರ ಒಂದು ಇಡೀ ಸಂಜೆ ಕೂತೆವು. ಕೈಗೆಟುಕೋ ಹಣ್ಣು ಅಂತ ಅರ್ಥ. ತೆಂಗಿನ ಸೀಮೆಯವರಿಗೆ ಇದು ತಮಾಷೆ. ನಾಲ್ವತ್ತು ಐವತ್ತು ಅಡಿ ಮರದಲ್ಲಿ ಕೈಗೆಟುಕೋದು ಯಾವುದು? ಕೆಳಗಿನ ಗೊನೆ ಮೊದಲು ಬಲಿಯುತ್ತೆ, ಸರಿ, ಆದರೆ ಅದಕ್ಕೂ ಮರ ಹತ್ತಲೇಬೇಕು. ಅಂದರೆ ನಮ್ಮಲ್ಲಿ ಬಲಿತದ್ದು ಬೇರೆ, ಸುಲಭವಾದದ್ದು ಬೇರೆ. ವರದಿಯಲ್ಲಿ ಯಾವುದನ್ನು ಹಾಗೆ ಕರೆದಿದ್ದರು ಅಂತ ನೋಡಿದರೆ, ಮಟ್ಟೆ ಮಾರೋದನ್ನ! ಎಲ್ಲರ ಹಿತ್ತಲಲ್ಲೂ ಬಿದ್ದಿದೆ, ಗುಡ್ಡೆ ಮಾಡಿ ನಾರಿನ ಫ್ಯಾಕ್ಟರಿಗೆ ಕೊಟ್ಟರೆ ಸುಮ್ಮನೆ ದುಡ್ಡು ಅಂತ. ಮಟ್ಟೆ ಹೇರಿದವರಿಗೆ ಗೊತ್ತು, ಗಾಡಿ ತುಂಬುತ್ತೆ, ತೂಕ ಬರೋಲ್ಲ. ಹತ್ತು ಊರು ಸುತ್ತಿ ಎತ್ತಿಕೊಂಡು ಬರೋ ಹೊತ್ತಿಗೆ ಬಾಡಿಗೆಯೇ ಲಾಭ ತಿಂದಿರುತ್ತೆ. ಹಾಗಾಗಿ 'ಮಟ್ಟೆ ಕೆಳಗಿನ ಗೊನೆ, ಬಲಿತಿದೆ, ಆದರೆ ಹತ್ತಿ ಇಳಿಸೋ ಕೂಲಿ ಲೆಕ್ಕ ಹಾಕಿಲ್ಲ' ಅಂತ ಬರೆದೆವು. ಇಂಗ್ಲಿಷಲ್ಲೂ ಅದೇ. ಹುಡುಗಿ ಓದಿ, "ಇದು ನಿಮ್ಮೂರಿನ ಇಂಗ್ಲಿಷ್ ಚಿಕ್ಕಪ್ಪ, ಚೆನ್ನಾಗಿದೆ" ಅಂದಳು. ಬಾಡಿಗೆ ದರ ಕೇಳಿ ಹಾಕಿದ ಮೇಲೆ ಆ ಬಾಬತ್ತು ಮೊದಲನೇ ವರ್ಷದ ಆದಾಯದಿಂದ ಹೊರಗೆ ಹೋಯ್ತು.

ಮೊಟ್ಟೆ ಬುಟ್ಟಿಗೆ ಬದಲು ಅಕ್ಕಡಿ ಸಾಲು ಹಾಕಿದೆವು. ನನ್ನ ಲೆಕ್ಕದಲ್ಲಿ ಇದು ಬುಟ್ಟಿಗಿಂತ ಮೇಲು. ಬುಟ್ಟಿಯ ಮಾತು ಬರೀ ಭಯದ ಮಾತು: ಬಿದ್ದರೆ ಎಲ್ಲ ಒಡೀತದೆ, ಅಷ್ಟೇ. ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಹಾಕೋದು ರಾಗಿ ಹೋದರೆ ತೊಗರಿಯಾದರೂ ಉಳೀಲಿ ಅಂತ ಮಾತ್ರ ಅಲ್ಲ. ತೊಗರಿ ಬೇರು ಆಳಕ್ಕೆ ಹೋಗುತ್ತೆ, ರಾಗಿದು ಮೇಲೇ ಇರುತ್ತೆ. ಎಲೆ ಉದುರಿ ನೆಲಕ್ಕೆ ಗೊಬ್ಬರ. ರಾಗಿ ಕುಯ್ದ ಮೇಲೂ ತೊಗರಿ ನಿಂತಿರುತ್ತೆ, ಕೆಲಸ ಒಂದೇ ವಾರಕ್ಕೆ ಬಂದು ಮೈಮೇಲೆ ಬೀಳೋಲ್ಲ. ಮುದ್ದೆಗೆ ಸಾರೂ ಅದೇ ಹೊಲದಿಂದ. ಕಂಪನಿ ಎಣ್ಣೆಯೊಂದನ್ನೇ ನೆಚ್ಚಿಕೊಳ್ಳದೆ ರಾಗಿ, ಹುಣಸೆಹಣ್ಣು ಮಾರಾಟವನ್ನೂ ಇಟ್ಟುಕೊಳ್ಳಲಿ ಅನ್ನೋದಕ್ಕೆ ಇದಕ್ಕಿಂತ ಒಳ್ಳೇ ಮಾತು ನನಗೆ ಹೊಳೀಲಿಲ್ಲ.

ಮೊಟ್ಟೆ ಅಂದಾಗ ನೆನಪಾಯ್ತು. ಈ ಸವೆದ ನುಡಿಗಳ ಮೇಲೆ ಜಾರ್ಜ್ ಆರ್ವೆಲ್ 1946ರಲ್ಲೇ ಒಂದು ಲೇಖನ ಬರೆದು ಜಾಡಿಸಿದ್ದಾನೆ ಅಂತ ಹುಡುಗಿ ಹೇಳಿದಳು. ಬಿಹಾರದ ಮೋತಿಹಾರಿಯಲ್ಲಿ ಹುಟ್ಟಿದವನು. ಅರ್ಥ ಯೋಚಿಸದೆ ಬಳಸಿದರೆ ಮಾತು ಹೇಳೋನ ತಲೇನೇ ಮಂಕು ಮಾಡುತ್ತೆ ಅನ್ನೋದು ಅವನ ವಾದ. ನನಗೆ ಹಿಡಿಸಿದ್ದು ಬೇರೆ ಸಂಗತಿ. ಆ ಮನುಷ್ಯ ವಾಲಿಂಗ್ಟನ್ ಅನ್ನೋ ಹಳ್ಳೀಲಿ ಕೋಳಿ, ಮೇಕೆ ಸಾಕಿಕೊಂಡು, ದಿನಕ್ಕೆ ಎಷ್ಟು ಮೊಟ್ಟೆ ಬಂತು ಅಂತ ಡೈರಿಯಲ್ಲಿ ಬರೆದಿಡ್ತಿದ್ದನಂತೆ. ಮೊಟ್ಟೆ ಎಣಿಸಿದವನು ಮೊಟ್ಟೆ ಬುಟ್ಟಿಯ ಮಾತನ್ನು ಸುಮ್ಮಸುಮ್ಮನೆ ಎಸೆಯೋಲ್ಲ.

'ಸ್ಕಿನ್ ಇನ್ ದ ಗೇಮ್' ಅನ್ನೋದೇ ಮುಖ್ಯವಾದದ್ದು. ಅದರ ಕೆಳಗಿದ್ದ ವಿಷಯ ಇದು: ಪ್ರತಿ ಸದಸ್ಯನೂ ಷೇರು ಹಣ ಹೆಚ್ಚಿಸಿ 2,000 ರೂಪಾಯಿ ತುಂಬಿಸಬೇಕು. ಕೇಂದ್ರದ 10,000 ಎಫ್‌ಪಿಒ ಯೋಜನೆಯಲ್ಲಿ ನಾವು ಹಾಕಿದಷ್ಟೇ ಹಣವನ್ನು ಸರ್ಕಾರ ಸೇರಿಸುತ್ತೆ, ಒಬ್ಬರಿಗೆ 2,000ದವರೆಗೆ, ಒಂದು ಕಂಪನಿಗೆ ಹೆಚ್ಚೆಂದರೆ 15 ಲಕ್ಷ. ನಾವು 'ಬಿತ್ತನೆ ಬೀಜ ನಮ್ಮನೆ ವಾಡೆಯಿಂದಲೇ ಹೋಗಬೇಕು' ಅಂತ ಬರೆದು, ಕೆಳಗೇ ಈ ಲೆಕ್ಕ ಹಾಕಿದೆವು.

ಸಭೇಲಿ ಅದನ್ನು ಓದಿದ ಕೂಡಲೇ ಹಿಂದೆ ಕೂತಿದ್ದ ಒಬ್ಬ ಅಜ್ಜಿ ಎದ್ದರು. "ಬೀಜ ಮೊಳೀದೇ ಹೋದ್ರೆ ಏನ್ ಮಾಡ್ತೀಯಪ್ಪ? ಬ್ಯಾಂಕಿನೋರು ಮನೆ ಬರಸ್ಕೊತಾರಾ?" ಇಂಗ್ಲಿಷ್ ವರದಿ ತೋರಿಸಿದ ದಿನ ಯಾರೂ ಈ ಪ್ರಶ್ನೆ ಕೇಳಿರಲಿಲ್ಲ, ಎಲ್ಲರೂ ತಲೆ ಆಡಿಸಿದ್ದರು. ಉತ್ತರ ಇದೆ: ಉತ್ಪಾದಕ ಕಂಪನೀಲಿ ಸದಸ್ಯನ ಹೊಣೆ ಅವನ ಷೇರಿನಷ್ಟಕ್ಕೇ, ಬೇರೆ ಜಾಮೀನಿಗೆ ಸಹಿ ಹಾಕಿದ್ದರೆ ಮಾತ್ರ ಲೆಕ್ಕ ಬೇರೆ. "ಹಂಗಾದ್ರೆ ಜಾಮೀನಿಗೆ ಸೈನ್ ಹಾಕೋರು ಯಾರು, ಅವ್ರ ಹೆಸ್ರು ಇಲ್ಲೇ ಹೇಳು" ಅಂದರು ಅಜ್ಜಿ. ಹೇಳಬೇಕಾಯ್ತು. ಹೇಳಿದೆ. ಅದರಲ್ಲಿ ನನ್ನ ಹೆಸರೂ ಇತ್ತು.

ಬ್ಯಾಂಕಿನಲ್ಲಿ ಎಲ್ಲ ಮಾತೂ ನಡೀಲಿಲ್ಲ. ಮ್ಯಾನೇಜರ್ ಹೊರರಾಜ್ಯದವರು. ಅಕ್ಕಡಿ ಅಂದರೇನು ಅಂತ ಕೇಳಿ ತಿಳಿದುಕೊಂಡರು, ಖುಷಿಪಟ್ಟರು. ವಾಡೆ ಅವರಿಗೆ ಹತ್ತಲಿಲ್ಲ, ಅಲ್ಲಿ ಬರೀ ರೂಪಾಯಿ ಲೆಕ್ಕ ಉಳಿಸಿದೆವು. ಹೊಸ ನುಡಿ ಸಿಗದಿದ್ದರೆ ನುಡಿಯೇ ಬೇಡ, ಅಂಕಿ ಸಾಕು.

'ಗೇಮ್ ಚೇಂಜರ್' ಜಾಗಕ್ಕೂ ಕೊನೆಗೆ ಅಂಕಿಯೇ ಬಂತು. ಗಾಣ ಹಾಕಿದರೆ ಏನು ಬದಲಾಗುತ್ತೆ ಅಂತ ಸುಮ್ಮನೆ ಕೇಳಿಕೊಂಡೆವು. ನಮ್ಮದು ಉಂಡೆ ಕೊಬ್ಬರಿ ಸೀಮೆ. ವರ್ಷದ ಹತ್ತಿರ ಅಟ್ಟದ ಮೇಲೆ ಇಟ್ಟು, ಅಲ್ಲಾಡಿಸಿದಾಗ ಒಳಗೆ ಗಡಗಡ ಅಂದ ಮೇಲೆ ಸುಲಿಯೋ ಮಾಲು. 2025ರ ಹಂಗಾಮಿಗೆ ಬೆಂಬಲ ಬೆಲೆ ಕ್ವಿಂಟಲಿಗೆ ಉಂಡೆಗೆ 12,100, ಎಣ್ಣೆ ಕೊಬ್ಬರಿಗೆ 11,582. ತಿನ್ನೋ ಮಾಲಿಗೇ ಬೆಲೆ ಜಾಸ್ತಿ. ನೂರು ಕಿಲೋ ಕೊಬ್ಬರಿ ಅರೆದರೆ ಅರವತ್ತು ಚಿಲ್ಲರೆ ಕಿಲೋ ಎಣ್ಣೆ, ಉಳಿದದ್ದು ಹೆಚ್ಚೂಕಮ್ಮಿ ಹಿಂಡಿ. ಒಳ್ಳೇ ಉಂಡೆಯನ್ನು ಯಾರು ಗಾಣಕ್ಕೆ ಹಾಕ್ತಾರೆ? ಗಾಣ ನಡೀಬೇಕಾದ್ದು ಒಡೆದ ಕೊಬ್ಬರಿ, ಹೋಳು, ಮಾರ್ಕೆಟ್ಟಲ್ಲಿ ಕಡೆಗೆ ತಳ್ಳೋ ಎರಡನೇ ತರದ ಮಾಲಿನ ಮೇಲೆ. ಅದು ನಮ್ಮ ಹಳ್ಳಿಗಳಲ್ಲಿ ಗಾಣಕ್ಕೆ ಸಾಕಾಗೋಷ್ಟು ಇದೆಯಾ ಅನ್ನೋ ಸಾಲು ಹದಿನಾಲ್ಕು ಪುಟದಲ್ಲಿ ಎಲ್ಲೂ ಇಲ್ಲ. ಮ್ಯಾನೇಜರ್ ಕೂಡ ಅದನ್ನೇ ಬರೆದುಕೊಂಡು ಬನ್ನಿ ಅಂದಿದ್ದಾರೆ.

ಆದ್ದರಿಂದ ಸದಸ್ಯರೆಲ್ಲ, ಹೋದ ವರ್ಷ ಸುಲಿದಾಗ ಉಂಡೆ ಎಷ್ಟು ಕಿಲೋ ಬಂತು, ಒಡೆದದ್ದು ಎಷ್ಟು ಕಿಲೋ, ಈಗ ಅಟ್ಟದ ಮೇಲೆ ಎಷ್ಟು ಕಾಯಿ ಇದೆ, ಮೂರೇ ಮೂರು ಅಂಕಿ ಬರೆದು ಬರೋ ಭಾನುವಾರದೊಳಗೆ ಕಂಪನಿ ಆಫೀಸಿಗೆ ತಲುಪಿಸಿ. ಅಂದಾಜು ಬೇಡ, ಚೀಟಿ ನೋಡಿ ಬರೀರಿ. ರಾಗಿ ಕೊಯ್ಲು ಶುರುವಾದರೆ ಆಮೇಲೆ ಯಾರೂ ಕೈಗೆ ಸಿಗೋಲ್ಲ.