ಜೋಡೆತ್ತಿನ ಭ್ರಮೆ

ನಮ್ಮ ಬಾಲ್ಯದಲ್ಲಿ ‘ತಂತಿ’ ಎಂಬ ಶಬ್ದಕ್ಕೆ ಒಂದೇ ಅರ್ಥ. ಯಲಬುರ್ಗಾದ ನಮ್ಮ ಓಣಿಗೆ ತಂತಿ ಬಂತೆಂದರೆ, ಅದನ್ನು ಒಡೆದು ಓದುವ ಮೊದಲೇ ಹೆಂಗಸರು ಸೆರಗನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಆ ತಂತಿ 2013ರ ಜುಲೈ ತಿಂಗಳಲ್ಲಿ ತಾನೇ ಕಣ್ಣು ಮುಚ್ಚಿತು. ಈಗ ಕುಷ್ಟಗಿಯಲ್ಲಿರುವ ನನ್ನ ಮನೆಯ ಗೋಡೆಯನ್ನು ಕೊರೆದುಕೊಂಡು ಬೇರೊಂದು ಬಗೆಯ ತಂತಿ ಒಳಗೆ ಬಂದಿದೆ. ಅದು ಮೊದಲು ರೌಟರ್ ಎಂಬ ಪೆಟ್ಟಿಗೆಯನ್ನು ಸೇರುತ್ತದೆ; ಅಲ್ಲಿಂದ ನೀಲಿಬಣ್ಣದ ಇನ್ನೊಂದು ತಂತಿ ಗಣಕಯಂತ್ರದ ಬೆನ್ನಿಗೆ ಅಂಟಿಕೊಳ್ಳುತ್ತದೆ. ಇದು ಸಾಲದೆಂಬಂತೆ ಮಗಳ ಮೊಬೈಲು ಗಾಳಿಯಲ್ಲಿಯೇ ಅಂತರಜಾಲವನ್ನು ಹಂಚುವ ನಿಸ್ತಂತು ವಿದ್ಯೆಯನ್ನು ಬಲ್ಲದು. ಮನೆಯೊಂದು, ಯಂತ್ರವೊಂದು, ದಾರಿ ಎರಡು! ಪಿಂಚಣಿದಾರನಾದ ಮಾಸ್ತರನಿಗೆ ಇದಕ್ಕಿಂತ ಹೆಚ್ಚಿನ ಐಶ್ವರ್ಯ ಯಾವುದು?

ಎರೆಹೊಲದ ಒಕ್ಕಲುಮನೆತನದಲ್ಲಿ ಹುಟ್ಟಿದವನು ನಾನು. ನೊಗಕ್ಕೆ ಎರಡೆತ್ತು ಕಟ್ಟಿದರೆ ಬಂಡಿ ಸರಾಗವಾಗಿ ಸಾಗುತ್ತದೆ ಎಂಬುದು ನನಗೆ ಅಕ್ಷರಾಭ್ಯಾಸಕ್ಕಿಂತ ಮೊದಲೇ ತಿಳಿದ ಸತ್ಯ. ಆದುದರಿಂದ ತಂತಿಯನ್ನೂ ನಿಸ್ತಂತುವನ್ನೂ ಒಟ್ಟಿಗೆ ಹೂಡಿದರೆ ಯಂತ್ರದ ವೇಗ ಇಮ್ಮಡಿಯಾಗಲೇಬೇಕು. ಒಂದು ಎಡವಿದರೆ ಇನ್ನೊಂದು ಎಳೆದುಕೊಂಡು ಹೋಗಲೇಬೇಕು—ಇದು ನನ್ನ ಸಿದ್ಧಾಂತ. ಮೂವತ್ತು ವರ್ಷ ಕರಿಹಲಗೆಯ ಮುಂದೆ ನಿಂತವನ ಸಿದ್ಧಾಂತವನ್ನು ಮನೆಯಲ್ಲಿ ಪ್ರಶ್ನಿಸುವವರು ಯಾರು?

ಪ್ರಶ್ನಿಸಿದವಳು ಮಗಳು. ಅಂದು ಅವಳಿಗೆ ದೂರದ ಊರಿನ ಸಂಸ್ಥೆಯೊಂದರ ಸಂದರ್ಶನವಿತ್ತು. ಈ ಕಾಲದ ಸಂದರ್ಶನಕ್ಕೆ ರೈಲು ಹತ್ತಬೇಕಾಗಿಲ್ಲ. ಯಂತ್ರದ ಮುಂದೆ ಇಸ್ತ್ರಿಮಾಡಿದ ಉಡುಪು ಧರಿಸಿ ಕುಳಿತರಾಯಿತು. ಎರಡು ವರ್ಷಗಳಿಂದ ಅರ್ಜಿ ಹಾಕಿ ಹಾಕಿ ದಣಿದಿದ್ದ ಹುಡುಗಿ. “ಅಪ್ಪಾ, ನನಗ ಮೊಬೈಲಿಂದಷ್ಟ ಸಾಕ್ರಿ. ಆ ವಾಯರ್ ತಗದುಬಿಡ್ರಿ,” ಎಂದಳು. “ಎರಡಿದ್ದರ ಬಲ, ಸುಮ್ಮನಿರು,” ಎಂದು ನಾನು ಗದರಿಸಿ, ಎರಡನ್ನೂ ಕೈಯಾರೆ ಜೋಡಿಸಿ, ಬಾಗಿಲ ಬಳಿ ಕಾವಲು ಕುಳಿತೆ.

ಮೊದಲ ಹತ್ತು ನಿಮಿಷ ಸುಸೂತ್ರವಾಗಿ ಸಾಗಿತು. ಅನಂತರ ಪರದೆಯ ಮೇಲಿದ್ದ ಮೂವರು ಪರೀಕ್ಷಕರೂ ಬಾಯಿ ತೆರೆದಂತೆಯೇ ಚಿತ್ರಪಟವಾಗಿ ನಿಂತುಬಿಟ್ಟರು. ರೌಟರಿನ ದೀಪಗಳು ಮಿನುಗುತ್ತಲೇ ಇದ್ದವು. ನೀಲಿ ತಂತಿಯ ತುದಿಯ ದೀಪವೂ ಉರಿಯುತ್ತಿತ್ತು. ಮೊಬೈಲಿನಲ್ಲಿ ಅಂತರಜಾಲ ಜೀವಂತವಾಗಿತ್ತು. ಯಂತ್ರ ಮಾತ್ರ ಕಲ್ಲಾಗಿತ್ತು. ಮಗಳು ನನ್ನ ಕಡೆ ತಿರುಗಿ ನೋಡಿದಳು. ಏನೂ ಅನ್ನಲಿಲ್ಲ. ಆ ನೋಟವನ್ನು ನೆನೆದರೆ ಇಂದಿಗೂ ಎದೆಯಲ್ಲಿ ಮುಳ್ಳಾಡಿದಂತಾಗುತ್ತದೆ. ನಾನು ಮೇಜಿನ ಕೆಳಗೆ ನುಸುಳಿ, ದಿಕ್ಕುತೋಚದೆ ಆ ನೀಲಿ ತಂತಿಯನ್ನು ಕಿತ್ತೆ. ಅರ್ಧ ನಿಮಿಷ ಕಳೆದಿರಬಹುದು. ಮೇಲಿನಿಂದ “ಕ್ಷಮಿಸಬೇಕು, ಸಂಪರ್ಕ ಕಡಿದಿತ್ತು,” ಎಂಬ ಅವಳ ಸ್ವರ ಕೇಳಿಸಿತು. ಮುಂದಿನ ಇಪ್ಪತ್ತು ನಿಮಿಷಗಳನ್ನು ನಾನು ಮೇಜಿನ ಕೆಳಗೆಯೇ ಕಳೆದೆ. ಹೊರಬಂದರೆ ಆ ಪರೀಕ್ಷಕರಿಗೆ ಕಾಣಿಸಿಕೊಳ್ಳಬೇಕಾಗುತ್ತಿತ್ತು!

ಸಂಜೆ ಚಹ ಕುಡಿಯುವಾಗ ವಿದ್ಯಾರ್ಥಿಯ ಸ್ಥಾನದಲ್ಲಿ ನಾನು ಕುಳಿತೆ. ಮಗಳು ಪಾಠ ಹೇಳಿದಳು. ಯಂತ್ರಕ್ಕೆ ಎರಡು ದಾರಿಗಳಿದ್ದರೂ ಅದು ಅವನ್ನು ನೊಗಕ್ಕೆ ಹೂಡುವುದಿಲ್ಲ. ಪ್ರತಿಯೊಂದು ದಾರಿಗೂ ಒಂದು ವಿಳಾಸ, ಒಂದು ಹೆಬ್ಬಾಗಿಲು, ಜೊತೆಗೆ ‘ಮೆಟ್ರಿಕ್’ ಎಂಬ ಒಂದು ಅಂಕಿ ಇರುತ್ತವೆ. ಅಂಕಿ ಚಿಕ್ಕದಾದಷ್ಟೂ ಮರ್ಯಾದೆ ದೊಡ್ಡದು. ಪಂಕ್ತಿಯಲ್ಲಿ ಮೊದಲನೆಯ ಎಲೆ ಅದಕ್ಕೇ. ತಂತಿ ವೇಗಶಾಲಿಯೆಂದು ಯಂತ್ರ ಸಾಮಾನ್ಯವಾಗಿ ಚಿಕ್ಕ ಅಂಕಿಯನ್ನು ಅದಕ್ಕೇ ಕೊಡುತ್ತದೆ. ಹೊರಗೆ ಹೋಗುವ ಸಂಚಾರವೆಲ್ಲ ಅದರ ಪಾಲು. ನಿಸ್ತಂತು ಬಂಡಿಯ ಹಿಂದೆ ಕಟ್ಟಿದ ಎತ್ತಿನಂತೆ ಸುಮ್ಮನೆ ನಡೆದು ಬರುತ್ತದೆ. ಎರಡನ್ನೂ ನಿಜವಾಗಿ ಜೋಡಿಸಬಲ್ಲ ತಂತ್ರಾಂಶಗಳುಂಟು. ಆದರೆ ಅದಕ್ಕೆ ಆಚೆಯ ತುದಿಯಲ್ಲಿಯೂ ಒಪ್ಪುವ ಏರ್ಪಾಡು ಬೇಕು.

“ಹಾಗಾದರ ತಂತಿ ಸತ್ತಾಗ ನಿಸ್ತಂತು ಯಾಕ ಮುಂದ ಬರಲಿಲ್ಲ?” ಎಂದೆ.

“ತಂತಿ ಸತ್ತದ್ದು ಯಂತ್ರಕ್ಕ ಗೊತ್ತ ಆಗಲಿಲ್ಲಲ್ರಿ ಅಪ್ಪಾ! ಆ ದೀಪ ರೌಟರಿನ ತನಕ ಹಾದಿ ಐತಿ ಅಂತ ಅಷ್ಟ ಹೇಳ್ತೈತಿ. ಅದರಾಚೆ ಕಡದಿದ್ರ ಅದಕ್ಕೇನ ಗೊತ್ತು?”

ನನಗೆ ಥಟ್ಟನೆ ಗಂಗಾವತಿಯ ನೆನಪಾಯಿತು. ಅಲ್ಲಿ ಕೆಲವು ವರ್ಷ ಮಾಸ್ತರಿಕೆ ಮಾಡಿದ್ದೆ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರಿನಿಂದ ಭತ್ತ ಬೆಳೆಯುವ ಸೀಮೆ ಅದು. ಕಾಲುವೆಯ ಕೊನೆಯಂಚಿನ ರೈತನ ಹೊಲದ ತೂಬು ತೆರೆದೇ ಇರುತ್ತದೆ. ಮೇಲಿನಿಂದ ನೀರು ಬಾರದಿದ್ದರೆ ತೆರೆದ ತೂಬು ಏನು ಮಾಡೀತು? ತೆರೆದ ತೂಬನ್ನು ನಂಬಿ ನಾನು ಮಗಳ ಪೈರನ್ನು ಒಣಗಿಸಲು ಹೊರಟಿದ್ದೆ.

ಆದರೂ ಸೋಲೊಪ್ಪಲು ಮನಸ್ಸಾಗದೆ, “ಏನಾದರೂ ತಂತಿ ಹಿರಿಯ. ಹಿರಿಯನಿಗೆ ಮೊದಲ ಮಣೆ ಸಲ್ಲಬೇಕಾದದ್ದೇ,” ಎಂದು ವಾದ ಹೂಡಿದೆ. ಲೆಕ್ಕ ತೆಗೆದೆವು. ಈಥರ್‌ನೆಟ್ ಎಂಬ ತಂತಿಜಾಲದ ಕಲ್ಪನೆಯನ್ನು ರಾಬರ್ಟ್ ಮೆಟ್ಕಾಫ್ ಅವರು ಅಮೆರಿಕದ ಜೆರಾಕ್ಸ್ ಸಂಶೋಧನಾಲಯದಲ್ಲಿ ಕಾಗದಕ್ಕಿಳಿಸಿದ್ದು 1973ರ ಮೇ ತಿಂಗಳಲ್ಲಿ. ಅದೇ ವರ್ಷದ ನವೆಂಬರಿನಲ್ಲಿ ಮೈಸೂರು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂತು. ವೈಫೈಗೆ ಬುನಾದಿಯಾದ ಪ್ರಮಾಣಸೂತ್ರ ಹೊರಬಿದ್ದದ್ದು 1997ರಲ್ಲಿ. ರಾಯಚೂರಿನಿಂದ ಬೇರೆಯಾಗಿ ನಮ್ಮ ಕೊಪ್ಪಳ ಜಿಲ್ಲೆ ಹುಟ್ಟಿದ್ದೂ ಅದೇ ವರ್ಷ. ಇಪ್ಪತ್ತನಾಲ್ಕು ವರ್ಷಗಳ ಹಿರಿತನ! ನಾನು ಮೀಸೆ ತಿರುವುವಷ್ಟರಲ್ಲಿ ಮಗಳು ಇನ್ನೊಂದು ಸಂಗತಿ ಮುಂದಿಟ್ಟಳು: ಮೆಟ್ಕಾಫರಿಗೆ ಸ್ಫೂರ್ತಿ ಕೊಟ್ಟದ್ದು ಹವಾಯಿ ದ್ವೀಪಗಳ ನಡುವೆ 1971ರಲ್ಲಿಯೇ ಕೆಲಸ ಆರಂಭಿಸಿದ ಅಲೋಹಾನೆಟ್, ಅದು ರೇಡಿಯೋ ಅಲೆಗಳ ಜಾಲ, ಎಂದರೆ ನಿಸ್ತಂತು! ತಂತಿಯ ತಾತನೇ ತಂತಿಯಿಲ್ಲದವನೆಂದ ಮೇಲೆ ನನ್ನ ವಾದಕ್ಕೆ ನೆಲೆಯೆಲ್ಲಿ?

ಪರಿಹಾರ ಐದು ನಿಮಿಷದ ಕೆಲಸ. ವಿಂಡೋಸ್ ಯಂತ್ರದ ಜಾಲದ ವಿಭಾಗದಲ್ಲಿ ಪ್ರತಿ ಸಂಪರ್ಕದ ಗುಣಲಕ್ಷಣಗಳನ್ನು ತೆರೆದು, ‘ಆಟೊಮ್ಯಾಟಿಕ್ ಮೆಟ್ರಿಕ್’ ಎಂಬಲ್ಲಿಯ ಗುರುತನ್ನು ತೆಗೆದು, ನಮಗೆ ಬೇಕಾದ ಅಂಕಿ ಬರೆಯಬೇಕು. ಮಗಳು ನಿಸ್ತಂತುವಿಗೆ 10, ತಂತಿಗೆ 50 ಎಂದು ಬರೆದಳು. ತಂತಿಯನ್ನು ಕಿತ್ತೊಗೆಯಬೇಕಾಗಿಲ್ಲ. ರೌಟರಿಗೆ ಜೋಡಿಸಿದ ಮುದ್ರಣಯಂತ್ರ ಅದೇ ಕೇರಿಯ ವಿಳಾಸದಲ್ಲಿರುವುದರಿಂದ ಅಲ್ಲಿಗೆ ಹೋಗುವ ಕಾಗದಪತ್ರ ಅಂಕಿಯನ್ನು ಲೆಕ್ಕಿಸದೆ ತಂತಿಯಲ್ಲಿಯೇ ಹೋಗುತ್ತದೆ. ಊರಾಚೆಯ ಸಂಚಾರವೆಲ್ಲ ಗಾಳಿಯಲ್ಲಿ. ಎರಡು ಕೇರಿಗಳ ವಿಳಾಸಸಂಖ್ಯೆಗಳು ಮಾತ್ರ ಬೇರೆಬೇರೆಯಾಗಿರಬೇಕು. ಇಲ್ಲದಿದ್ದರೆ ಯಂತ್ರಕ್ಕೆ ದಿಗ್ಭ್ರಮೆ. ಎರಡು ದಾರಿಗಳನ್ನು ಒಟ್ಟಿಗೆ ಇಟ್ಟುಕೊಳ್ಳುವ ಜಾಣತನವೆಂದರೆ ಇದೇ: ಯಾವುದಕ್ಕೆ ಯಾವ ಕೆಲಸ ಎಂಬುದನ್ನು ಮೊದಲೇ ಗೊತ್ತುಮಾಡುವುದು.

ಮೂರು ವಾರಗಳ ಮೇಲೆ ಕೆಲಸದ ಆದೇಶ ಬಂತು. ಅದನ್ನು ಮುದ್ರಿಸಿಕೊಟ್ಟದ್ದು ಆ ನೀಲಿ ತಂತಿಯೇ ಎಂಬುದನ್ನು ನಾನು ಎಲ್ಲರಿಗೂ ಒತ್ತಿ ಹೇಳಿದೆ. ಹೊರಡುವ ದಿನ ಮಗಳಿಗೆ ಬಸ್ಸು ಯಾವುದು, ಇಳಿದುಕೊಳ್ಳುವ ಮನೆ ಯಾವುದು ಎಂದು ನಾನು ವಾಡಿಕೆಯಂತೆ ಅಪ್ಪಣೆ ಕೊಡಿಸಹತ್ತಿದಾಗ ಅವಳು ನಕ್ಕಳು.

“ಅಪ್ಪಾ, ನಿಮಗೂ ಐವತ್ತು ಬರದೀನ್ರಿ.”

“ಕಿತ್ತಿಲ್ಲಲ್ಲ?”

“ಇಲ್ರಿ. ಮನಿಯೊಳಗಿಂದೆಲ್ಲಾ ನಿಮ್ಮ ಕಡೆಯಿಂದನ.”

ಕುಷ್ಟಗಿಯ ಬಸ್‌ನಿಲ್ದಾಣದಲ್ಲಿ ಅವಳ ಚೀಲವನ್ನು ಬಸ್ಸಿನೊಳಕ್ಕೆ ಎತ್ತಿ ಕೊಟ್ಟು ಮನೆಗೆ ಮರಳಿದೆ. ಮೇಜಿನ ಕೆಳಗೆ ಆ ಪುಟ್ಟ ದೀಪ ಉರಿಯುತ್ತಲೇ ಇತ್ತು.