ಬೆಲ್ಟು ಬದಲಿಸಿದ ಪ್ರಸಂಗ



ಮಠದ ಮಾಸಪತ್ರಿಕೆಯಲ್ಲಿ ಸ್ಕೂಟರಿನ ಬೆಲ್ಟಿನ ವಿಚಾರವೇ ಎಂದು ತಾವು ಹುಬ್ಬೇರಿಸಬಹುದು. ಬೆಳ್ಳಾವಿಯ ಸುತ್ತಣ ತೆಂಗು ಅಡಕೆಯ ತೋಟಗಳ ನಡುವಿನ ಹಳ್ಳಿಗಳಲ್ಲಿ ಇಂದು ಎತ್ತಿನ ಗಾಡಿಯ ಸದ್ದಿಗಿಂತ ದ್ವಿಚಕ್ರ ವಾಹನಗಳ ಸದ್ದೇ ಹೆಚ್ಚು. ಜನರ ಬದುಕು ಯಾವುದರ ಮೇಲೆ ಸಾಗುತ್ತಿದೆಯೋ ಅದರ ವಿಚಾರವನ್ನು ಅರಿಯುವುದರಲ್ಲಿ ಸಂಕೋಚವೇಕೆ ಎಂಬುದು ನಮ್ಮ ಭಾವನೆ.

ಟ್ರ್ಯಾಕ್ಟರು, ಜೀಪುಗಳನ್ನು ಬಲ್ಲವರಿಗೆ ಫ್ಯಾನ್ ಬೆಲ್ಟ್ ಹೊಸದಲ್ಲ. ಇಂಜಿನ್ನಿನ ತಿರುಗುವಿಕೆಯನ್ನು ಪಡೆದು ನೀರಿನ ಪಂಪನ್ನೂ, ವಿದ್ಯುತ್ತನ್ನು ಹುಟ್ಟಿಸುವ ಆಲ್ಟರ್ನೇಟರನ್ನೂ ತಿರುಗಿಸುವ ರಬ್ಬರಿನ ಪಟ್ಟಿ ಅದು. ಅದು ಹರಿದರೆ ಬ್ಯಾಟರಿಯ ಕೆಂಪು ದೀಪ ಹತ್ತುತ್ತದೆ, ಸ್ವಲ್ಪ ಹೊತ್ತಿನಲ್ಲಿ ರೇಡಿಯೇಟರಿನ ನೀರು ಕುದಿಯತೊಡಗುತ್ತದೆ. ನಮ್ಮ ನಾಡಿನ ಮೋಟಾರು ಸೈಕಲ್ಲುಗಳಿಗೆ ಈ ತೊಡಕಿಲ್ಲ. 1961ರಿಂದ 1996ರವರೆಗೆ ಮೈಸೂರಿನ ಕಾರ್ಖಾನೆಯಿಂದ ಹೊರಬಂದ ಜಾವಾ, ಯೆಜ್ದಿ ಗಾಡಿಗಳಲ್ಲಿ ಡೈನಮೋ ಕ್ರ್ಯಾಂಕಿನ ತುದಿಯಲ್ಲಿಯೇ ಕುಳಿತಿರುತ್ತಿತ್ತು. ನಡುವೆ ಬೆಲ್ಟಿನ ದಲ್ಲಾಳಿತನವಿರಲಿಲ್ಲ. ಜರ್ಮನಿಯ ಕೆಲವು ದೊಡ್ಡ ಮೋಟಾರು ಸೈಕಲ್ಲುಗಳಲ್ಲಿ ಮಾತ್ರ ಆಲ್ಟರ್ನೇಟರಿಗೆಂದೇ ಪ್ರತ್ಯೇಕ ಬೆಲ್ಟುಂಟು. ನಮ್ಮ ಮನೆಗಳ ಅಂಗಳದಲ್ಲಿ ಬೆಲ್ಟಿರುವ ದ್ವಿಚಕ್ರ ವಾಹನವೆಂದರೆ ಗೇರಿಲ್ಲದ ಸ್ಕೂಟರು. 1984ರಲ್ಲಿ ಕೈನೆಟಿಕ್ ಹೋಂಡಾ ಬಂದಾಗ ಅದೊಂದು ಕೌತುಕವಾಗಿತ್ತು. 2001ರಲ್ಲಿ ಆಕ್ಟಿವಾ ಬಂದ ತರುವಾಯ ಅದು ಮನೆಮಾತಾಯಿತು. ಸೀರೆಯುಟ್ಟ ತಾಯಂದಿರೂ ಯಾರ ಹಂಗೂ ಇಲ್ಲದೆ ಊರಿಂದೂರಿಗೆ ಹೋಗಿಬರುವಂತಾದುದು ಇದರಿಂದಲೇ. ಇದನ್ನು ಸಣ್ಣ ಸಂಗತಿಯೆಂದು ನಾವು ಎಣಿಸುವುದಿಲ್ಲ.

ಹೋದ ಮಳೆಗಾಲದ ಒಂದು ಸಂಜೆ ನಮ್ಮ ಕಡೆಯ ಆಶಾ ಕಾರ್ಯಕರ್ತೆಯೊಬ್ಬರು ಸ್ಕೂಟರನ್ನು ತಳ್ಳಿಕೊಂಡು ಮಠದ ಬಾಗಿಲಿಗೆ ಬಂದರು. ಪತಿಯನ್ನು ಕಳೆದುಕೊಂಡ ಹೆಣ್ಣುಮಗಳು, ಎರಡು ಮಕ್ಕಳು. "ಬುದ್ಧೀ, ಇಂಜಿನ್ ಬೋರ್ ಅಂತದೆ, ಗಾಡಿ ಮಾತ್ರ ಹೋಗಲ್ಲ. ನಾಳೆ ಲಸಿಕೆ ದಿನ, ಮೂರು ಹಟ್ಟಿ ಸುತ್ತಿ ಮಕ್ಕಳನ್ನ ಕರಕೊಂಡು ಬರಬೇಕು," ಎಂದರು. ದುರಸ್ತಿಯವನೊಬ್ಬನು ಗಾಡಿಯನ್ನು ಎರಡು ದಿನ ಬಿಟ್ಟುಹೋಗಬೇಕೆಂದೂ, ಕ್ಲಚ್ಚು ಸಮೇತ ಬದಲಿಸಬೇಕೆಂದೂ ಹೇಳಿ ಆಕೆಯ ತಿಂಗಳ ಗೌರವಧನದ ಬಹುಭಾಗವನ್ನೇ ಕೇಳಿದ್ದನಂತೆ.

ಮಠದ ಹಿಂದಿನ ಬೀದಿಯಲ್ಲಿ ತುಮಕೂರಿನ ಎಚ್‌ಎಂಟಿ ಗಡಿಯಾರದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. 2016ರಲ್ಲಿ ಆ ಕಾರ್ಖಾನೆ ಮುಚ್ಚಿಹೋಯಿತು. ಅವರ ಕೈಯ ನಿಷ್ಕೃಷ್ಟತೆ ಮಾತ್ರ ಮುಚ್ಚಿಲ್ಲ. ಅವರನ್ನು ಕರೆಸಿದೆವು. ಅವರು ಗಾಡಿಯನ್ನು ಮುಟ್ಟುವ ಮೊದಲು ಹಾರನ್ನು ಒತ್ತಿದರು, ದೀಪ ಹೊತ್ತಿಸಿದರು. ಎರಡೂ ಸರಿಯಾಗಿದ್ದವು. ಇಂಜಿನ್ನು ತಿರುಗುತ್ತಿದೆ, ವಿದ್ಯುತ್ತು ಹುಟ್ಟುತ್ತಿದೆ, ಚಕ್ರಕ್ಕೆ ಬಲ ಮುಟ್ಟುತ್ತಿಲ್ಲ. ಎಡಗಡೆಯ ಮುಚ್ಚಳದ ಸಂದಿನಲ್ಲಿ ರಬ್ಬರಿನ ಕರಿಯ ಪುಡಿ. ಪಾಠಶಾಲೆಯಲ್ಲಿ ತರ್ಕಸಂಗ್ರಹವನ್ನು ಓದುವಾಗ ಹೊಗೆಯಿಂದ ಬೆಂಕಿಯನ್ನು ಅನುಮಾನಿಸುವುದನ್ನು ನಾವು ಕಲಿತಿದ್ದೆವು. ಆದರೆ ಅನುಮಾನ ಪ್ರಮಾಣದ ಇಷ್ಟು ಚೊಕ್ಕಟವಾದ ಪ್ರಯೋಗವನ್ನು ಪಂಡಿತರಲ್ಲಿಯೂ ಅಪರೂಪವಾಗಿ ಕಂಡಿದ್ದೇವೆ.

ಮಠದ ವಿದ್ಯಾರ್ಥಿ ನಿಲಯದ ಹುಡುಗನೊಬ್ಬನು ಸ್ಪ್ಯಾನರು ಹಿಡಿದು ಮುಂದೆ ಬಂದನು. ಪಿಯುಸಿ ವಿಜ್ಞಾನದಲ್ಲಿ ಎರಡು ಸಲ ನಪಾಸಾದವನು; ನಿಲಯದಿಂದ ಬಿಡಿಸಬೇಕೆಂಬ ಮಾತು ಆಗಲೇ ನಡೆದಿತ್ತು. ಅವನು ಬೋಲ್ಟುಗಳನ್ನು ಬಿಚ್ಚಿ, ಯಾವುದು ಉದ್ದ ಯಾವುದು ಗಿಡ್ಡ ಎಂಬುದು ತಪ್ಪದಂತೆ ರಟ್ಟಿನ ಮೇಲೆ ಮುಚ್ಚಳದ ಆಕಾರ ಬರೆದು ಅಲ್ಲಲ್ಲಿಯೇ ಚುಚ್ಚಿಟ್ಟನು. ಇದನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಾವು ದೀಪ ಹಿಡಿದು ನಿಂತೆವು.

ಒಳಗಿನ ಏರ್ಪಾಟು ಬಲು ಸೊಗಸಾದುದು. ಮುಂದೊಂದು, ಹಿಂದೊಂದು ಪುಲ್ಲಿ. ಒಂದೊಂದಕ್ಕೂ ಎದುರುಬದುರಾದ ಎರಡು ಇಳಿಜಾರು ತಟ್ಟೆಗಳು. ವೇಗ ಹೆಚ್ಚಿದಂತೆ ಮುಂದಿನ ಪುಲ್ಲಿಯೊಳಗಿನ ರೋಲರುಗಳು ಹೊರಕ್ಕೆ ಸರಿದು ತಟ್ಟೆಗಳನ್ನು ಹತ್ತಿರ ತರುತ್ತವೆ. ಬೆಲ್ಟು ಅಲ್ಲಿ ಮೇಲೇರುತ್ತದೆ, ಹಿಂದಿನ ಪುಲ್ಲಿಯಲ್ಲಿ ಸ್ಪ್ರಿಂಗನ್ನು ತಳ್ಳಿಕೊಂಡು ಕೆಳಗಿಳಿಯುತ್ತದೆ. ಗೇರು ತಾನಾಗಿಯೇ ಬದಲಾಗುವುದು ಹೀಗೆ. 1958ರಲ್ಲಿ ಹಾಲೆಂಡಿನ ಡಾಫ್ ಕಂಪನಿಯವರು ಇದೇ ತತ್ತ್ವವನ್ನು ಕಾರಿಗೆ ಅಳವಡಿಸಿ ಪ್ರದರ್ಶಿಸಿದರು. ಹರಿದ ಬೆಲ್ಟಿನ ತುಂಡನ್ನು ಹಿರಿಯರು ವರ್ನಿಯರಿನಲ್ಲಿ ಅಳೆದರು. ಹೊಸದಕ್ಕಿಂತ ಅಗಲದಲ್ಲಿ ಎರಡು ಮಿಲಿಮೀಟರಿನಷ್ಟು ಸವೆದಿತ್ತು. ಬೆಲ್ಟು ಸವೆಯುವುದು ಪಕ್ಕದಲ್ಲಿ. ಆದುದರಿಂದ ಮೇಲಿನಿಂದ ನೋಡಿದವರಿಗೆ ಗಟ್ಟಿಯಾಗಿಯೇ ಕಾಣುತ್ತದೆ.

ಮುಂದಿನ ಪುಲ್ಲಿಯ ನಟ್ಟನ್ನು ಬಿಚ್ಚುವಾಗ ಪುಲ್ಲಿ ತಿರುಗದಂತೆ ಹಿಡಿಯಬೇಕು. ಅವಸರಗಾರರು ಫ್ಯಾನಿನ ರೆಕ್ಕೆಯ ಸಂದಿಗೆ ಸ್ಕ್ರೂಡ್ರೈವರ್ ತುರುಕಿ ರೆಕ್ಕೆಯನ್ನು ಮುರಿಯುತ್ತಾರೆ. ಊರ ಕಮ್ಮಾರರು ಅರ್ಧ ಗಂಟೆಯಲ್ಲಿ ಕಬ್ಬಿಣದ ಪಟ್ಟಿಯಿಂದ ಎರಡು ಕೊಂಬಿನ ಹಿಡಿಕೆಯೊಂದನ್ನು ಮಾಡಿಕೊಟ್ಟರು. ಒಳಗಿನ ಪುಡಿಯನ್ನು ಒಣಬಟ್ಟೆಯಿಂದ ಒರಸಿದ್ದಾಯಿತು. ಎಣ್ಣೆಯಾಗಲಿ ಗ್ರೀಸಾಗಲಿ ತಟ್ಟೆಗಳಿಗೆ ಸೋಕಕೂಡದು. ಸೋಕಿದರೆ ಬೆಲ್ಟು ಜಾರುತ್ತದೆ. ಹೊಸ ಬೆಲ್ಟಿನ ಮೇಲಿನ ಬಾಣದ ಗುರುತು ಪುಲ್ಲಿ ತಿರುಗುವ ದಿಕ್ಕಿಗೇ ಇರಬೇಕು.

ಹುಡುಗನು ಬೆಲ್ಟು ಏರಿಸಿ ನಟ್ಟು ಬಿಗಿದನು. ಬಿಗಿ ಚೆನ್ನಾಗಿಯೇ ಕೂತಿತು. "ಬಿಚ್ಚಪ್ಪಾ," ಎಂದರು ಹಿರಿಯರು. ಅವನು ಮುಖ ನೋಡಿದನು. ಬೆಲ್ಟು ಎರಡು ತಟ್ಟೆಗಳ ನಡುವೆ ಸಿಕ್ಕಿಕೊಂಡಿರುವಾಗ ಹೊರತಟ್ಟೆ ಒಳಗಿನ ಕೊಳವೆಯನ್ನು ಮುಟ್ಟಿರುವುದಿಲ್ಲ. ನಟ್ಟು ಬಿಗಿದಿರುವುದು ರಬ್ಬರಿನ ಮೇಲೆ. ಗಾಡಿ ಓಡಿದಾಗ ಬೆಲ್ಟು ತನ್ನ ಜಾಗಕ್ಕೆ ಸರಿಯುತ್ತದೆ, ನಟ್ಟು ಸಡಿಲಾಗುತ್ತದೆ, ದಂಡದ ಹಲ್ಲುಗಳೇ ಸವೆದುಹೋಗುತ್ತವೆ. ಆಗ ಹೆಣ್ಣುಮಗಳು ಲಾರಿಗಳ ನಡುವೆ ನಿಂತಿರುತ್ತಾಳೆ. ಆದುದರಿಂದ ಮೊದಲು ಹಿಂದಿನ ಪುಲ್ಲಿಯ ತಟ್ಟೆಗಳನ್ನು ಅಗಲಿಸಿ ಬೆಲ್ಟನ್ನು ಅಲ್ಲಿ ಆಳಕ್ಕೆ ಇಳಿಸಬೇಕು. ಮುಂದುಗಡೆ ಅದು ಸಡಿಲವಾಗಿ ಜೋತು ಬೀಳಬೇಕು. ಅನಂತರವೇ ತಟ್ಟೆ, ನಟ್ಟು. ಹುಡುಗನು ಮರುಮಾತಿಲ್ಲದೆ ಬಿಚ್ಚಿದನು. ಈ ಸಲ ಬೆಲ್ಟನ್ನು ಇಳಿಸುವಾಗ ನಾವೂ ಹಿಂದಿನ ತಟ್ಟೆಗಳನ್ನು ಹಿಡಿದೆವು. ಆ ಸ್ಪ್ರಿಂಗಿನ ಬಲ ಸಾಮಾನ್ಯವಲ್ಲ!

ಮಧ್ಯದ ಸ್ಟ್ಯಾಂಡಿನ ಮೇಲೆ ಗಾಡಿ ನಿಲ್ಲಿಸಿ ಇಂಜಿನ್ನು ಹಚ್ಚಿದಾಗ ಹಿಂದಿನ ಚಕ್ರ ಸದ್ದಿಲ್ಲದೆ ತಿರುಗಿತು. ರಾತ್ರಿ ಹತ್ತು ಗಂಟೆಯಾಗಿತ್ತು. ಕ್ಲಚ್ಚಿಗೆ ಯಾವ ಕೇಡೂ ಆಗಿರಲಿಲ್ಲ. ಆಕೆ ಬೆಲ್ಟಿನ ಬೆಲೆಯನ್ನು ತಾವೇ ಕೊಟ್ಟರು. ಮಠದಿಂದ ಭರಿಸುತ್ತೇವೆಂದರೆ ಒಪ್ಪಲಿಲ್ಲ. "ಕೂಲಿ?" ಎಂದು ಕೇಳಿದಾಗ ಹಿರಿಯರು ಗಾಡಿ ಓಡಿದ ಕಿಲೋಮೀಟರನ್ನು ಮುಚ್ಚಳದ ಒಳಮೈಗೆ ಬರೆಸಿ, "ಇಪ್ಪತ್ತು ಸಾವಿರ ಆದಾಗ ತೋರಿಸಿಕೊಂಡು ಹೋಗವ್ವಾ, ಅದೇ ಕೂಲಿ," ಎಂದರು. ಮಾರನೆಯ ದಿನ ಮೂರು ಹಟ್ಟಿಗಳ ಮಕ್ಕಳಿಗೂ ಲಸಿಕೆಯಾಯಿತು.

ಹುಡುಗನ ವಿಚಾರ ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ. ಅವನನ್ನು ಐಟಿಐಗೆ ಸೇರಿಸೋಣವೆಂದು ಅವನ ತಂದೆಗೆ ಹೇಳಿಕಳುಹಿಸಿದೆವು. ಅವರು ಬಂದು ಕೈಮುಗಿದು ನಿಂತು, "ಬುದ್ಧೀ, ನಟ್ಟು ಬೋಲ್ಟು ತಿರುಗಿಸೋಕೆ ನಾನು ಇವನನ್ನ ಮಠದಲ್ಲಿ ಬಿಟ್ಟಿದ್ನಾ?" ಎಂದರು. ಎರಡು ಎಕರೆ ಒಣಭೂಮಿಯನ್ನು ನಂಬಿ ಮಗನನ್ನು ಇಂಜಿನಿಯರನ್ನಾಗಿ ಕಾಣಬಯಸಿದ ತಂದೆಯ ನೋವು ಆ ಮಾತಿನಲ್ಲಿತ್ತು, ಅದನ್ನು ತಳ್ಳಿಹಾಕುವಂತಿಲ್ಲ. ನಾವು ಆ ರಟ್ಟನ್ನು ತರಿಸಿ ಅವರ ಕೈಗಿತ್ತೆವು. ಅವರು ಅದರ ತೂತುಗಳನ್ನು ಬಹಳ ಹೊತ್ತು ನೋಡಿದರು. ಅರ್ಜಿಯನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಊರಿಗೆ ಹೋಗಿದ್ದಾರೆ, ಸೋಮವಾರ ಬರುತ್ತೇನೆಂದಿದ್ದಾರೆ.