ಬೆಸುಗೆ ನೋಡುವವರು

ಕೈಯಿಂದ ಕಟ್ಟಿದ ಹಳೆಯ ಮೌಂಟನ್ ಬೈಕುಗಳನ್ನು ಹಚ್ಚಿಕೊಂಡವರು ಅವುಗಳ ಫೋಟೋ ತೆಗೆಯುವ ರೀತಿ ನನಗೆ ಬಹಳ ಇಷ್ಟ. ಇಡೀ ಸೈಕಲ್ಲಿನ ಚಿತ್ರ ಒಂದೇ ಒಂದು. ಉಳಿದವೆಲ್ಲ ಹತ್ತಿರದವು: ಕೊಳವೆಗೆ ಕೊಳವೆ ಕೂಡುವ ಸಂದಿ, ಅಲ್ಲಿ ಹರಿದು ನಿಂತ ಹಿತ್ತಾಳೆ ಬೆಸುಗೆ, ಕಲ್ಲು ಬಡಿದು ಬಣ್ಣ ಹಾರಿದ ಜಾಗ. ಜೊತೆಗೆ ಎರಡು ಸಾಲು ನೆನಪು: ಯಾರಿಂದ ಬಂತು, ಯಾವ ಬೆಟ್ಟ ಹತ್ತಿತ್ತು, ಎಲ್ಲಿ ಬಿತ್ತು.

ಈ ಸೈಕಲ್ಲುಗಳ ತವರು ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿ. 1970ರ ದಶಕದಲ್ಲಿ ಅಲ್ಲಿನ ತರುಣರು ಶ್ವಿನ್ ಕಂಪನಿಯ ದಪ್ಪ ಟೈರಿನ ಹಳೇ ಸೈಕಲ್ಲುಗಳನ್ನು ಹುಡುಕಿ ತಂದು ಬೆಟ್ಟದ ಮಣ್ಣುದಾರಿಗೆ ಇಳಿಸಿದರು. 1976ರ ಅಕ್ಟೋಬರಿನಲ್ಲಿ ಫೇರ್‌ಫ್ಯಾಕ್ಸ್ ಊರಿನ ಬಳಿ ಪಂದ್ಯ ಶುರುವಾಯಿತು. ಎರಡೇ ಮೈಲಿ ಹಾದಿ, ಸುಮಾರು 1,300 ಅಡಿ ಇಳಿತ. ಪೆಡಲನ್ನು ಹಿಂದಕ್ಕೆ ತುಳಿದು ಹಿಡಿಯುವ ಬ್ರೇಕು ಕಾದು ಹಬ್‌ನೊಳಗಿನ ಗ್ರೀಸೆಲ್ಲ ಹೊಗೆಯಾಗಿ ಹೋಗುತ್ತಿತ್ತು. ಕೆಳಗಿಳಿದವರು ಹಬ್ ಬಿಚ್ಚಿ ಮತ್ತೆ ಗ್ರೀಸ್ ತುಂಬಬೇಕಿತ್ತು. ಹಾಗಾಗಿ ಆ ಹಾದಿ ‘ರೀಪ್ಯಾಕ್’ ಎನಿಸಿಕೊಂಡಿತು.

ಹಳೇ ಫ್ರೇಮುಗಳು ಈ ಹೊಡೆತಕ್ಕೆ ಎಷ್ಟೆಂದು ತಡೆದಾವು? 1977ರಲ್ಲಿ ಆ ತರುಣರಲ್ಲೊಬ್ಬರಾದ ಜೋ ಬ್ರೀಜ್ ಕ್ರೋಮೋಲಿ ಉಕ್ಕಿನ ಕೊಳವೆಗಳಿಂದ ಈ ಹಾದಿಗೆಂದೇ ಹೊಸ ಫ್ರೇಮ್ ಕಟ್ಟಿದರು. ಆ ಮೊದಲ ಕಂತಿನಲ್ಲಿ ಆದದ್ದು ಹತ್ತೇ ಸೈಕಲ್ಲು. ಒಂದನೆಯದು ಈಗ ಸ್ಮಿತ್ಸೋನಿಯನ್ ಮ್ಯೂಸಿಯಮ್ಮಿನ ಸಂಗ್ರಹದಲ್ಲಿದೆ. 1979ರಿಂದ ಟಾಮ್ ರಿಚಿ ಕಟ್ಟಿದ ಫ್ರೇಮುಗಳನ್ನು ಗ್ಯಾರಿ ಫಿಶರ್ ಮತ್ತು ಚಾರ್ಲಿ ಕೆಲ್ಲಿ ಸೈಕಲ್ಲಾಗಿಸಿ ಮಾರಿದರು.

ರಿಚಿಯ ಬೆಸುಗೆಯನ್ನು ನೋಡಿದಷ್ಟೂ ಸಾಲದು. ಒಂದು ಕೊಳವೆಯ ತುದಿಯನ್ನು ಇನ್ನೊಂದರ ದುಂಡಿಗೆ ಕೂರುವಂತೆ ಕೊರೆದು, ಜ್ವಾಲೆಯಲ್ಲಿ ಕಾಯಿಸಿ, ಹಿತ್ತಾಳೆ ಕರಗಿಸಿ ಸುತ್ತ ಹರಿಸಬೇಕು. ಕಾವು ಕಡಿಮೆಯಾದರೆ ಹಿತ್ತಾಳೆ ಹಿಡಿಯುವುದಿಲ್ಲ. ಹೆಚ್ಚಾದರೆ ತೆಳು ಉಕ್ಕು ಬಲ ಕಳೆದುಕೊಳ್ಳುತ್ತದೆ. ಆಮೇಲೆ ಅರದಿಂದ ಉಜ್ಜಿ ನಯಗೊಳಿಸಿದರೆ, ಒಂದು ಕೊಳವೆ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತೆಂದೇ ತಿಳಿಯದು. ಒಡವೆಯ ಕೆಲಸ ಕಂಡು ಅಕ್ಕಸಾಲಿಗ ಯಾರೆಂದು ಹೇಳುವವರಂತೆ, ಬಲ್ಲವರು ಈ ಸಂದಿ ನೋಡಿಯೇ ಇದು ರಿಚಿಯ ಕೈ, ಇದು ಇನ್ನೊಬ್ಬ ಫ್ರೇಮ್ ಕಟ್ಟುಗ ಸ್ಟೀವ್ ಪಾಟ್ಸ್ ಅವರ ಕೈ ಎನ್ನುತ್ತಾರೆ.

1981ರಲ್ಲಿ ಸ್ಪೆಷಲೈಸ್ಡ್ ಕಂಪನಿಯ ಸ್ಟಂಪ್‌ಜಂಪರ್ ಎಂಬ ಮೌಂಟನ್ ಬೈಕು ಜಪಾನಿನ ಕಾರ್ಖಾನೆಯಿಂದ ಬಂತು. ಅದರಿಂದ ಸಾವಿರಾರು ಜನಕ್ಕೆ ಬೆಟ್ಟ ಸಿಕ್ಕಿತು, ಒಳ್ಳೆಯದೇ ಆಯಿತು. ಆದರೆ ಅದಕ್ಕೂ ಮುಂಚಿನ ಆ ಕೆಲವೇ ವರ್ಷಗಳ ಕಥೆ ನಮಗೆ ಉಳಿದದ್ದು ಬರೆದಿಟ್ಟವರಿಂದ, ಚಿತ್ರ ತೆಗೆದಿಟ್ಟವರಿಂದ. ಕೆಲ್ಲಿ ಪಂದ್ಯದ ವೇಳೆಗಳನ್ನು ಪುಸ್ತಕದಲ್ಲಿ ಬರೆದುಕೊಂಡರು. ತಾವೂ ಸೈಕಲ್ ತುಳಿಯುತ್ತಿದ್ದ ವೆಂಡಿ ಕ್ರಾಗ್ ಆ ದಿನಗಳ ಧೂಳು, ಏಳುಬೀಳು, ನಗು ಎಲ್ಲವನ್ನೂ ಕ್ಯಾಮೆರಾದಲ್ಲಿ ಹಿಡಿದರು. ಇಂದು ತಮ್ಮ ಸೈಕಲ್ಲಿನ ಚಿತ್ರ ತೋರಿಸಿ ನೆನಪು ಹೇಳುವವರು ಅದೇ ಕೆಲಸವನ್ನು ಮುಂದುವರಿಸುತ್ತಿದ್ದಾರೆ.

ಅದಕ್ಕೇ ಹಳೇ ಫ್ರೇಮಿಗೆ ಹೊಸ ಬಣ್ಣ ಬಳಿಯುವುದು ನನಗೆ ಒಪ್ಪದು. ತುಕ್ಕನ್ನು ತಡೆಯಲಿ, ಚೈನು ಬದಲಿಸಲಿ, ಬೇಡವೆನ್ನುವುದಿಲ್ಲ. ಬೆಸುಗೆಯಲ್ಲಿ ಕಟ್ಟಿದವನಿದ್ದಾನೆ, ಗೀರಿನಲ್ಲಿ ತುಳಿದವನಿದ್ದಾನೆ. ಗೀರನ್ನು ಅಳಿಸಿದರೆ ಅವನ ಅಷ್ಟು ವರ್ಷಗಳ ಸವಾರಿಗೆ ಸಾಕ್ಷಿಯೇ ಇಲ್ಲವಾಗುತ್ತದೆ. ಫೋಟೋ ತೆಗೆಯುವವರು ಗೀರನ್ನೂ ತೆಗೆಯಲಿ, ಅದು ಬಿದ್ದ ಬೆಟ್ಟದ ಹೆಸರನ್ನೂ ಕೆಳಗೆ ಬರೆಯಲಿ.